ಒಂದೇಟು ತಾನೇ ಎನ್ನುವವರಿಗೆ

"ಕಪಾಳಕ್ಕೆ ಒಂದೇಟು ಹಾಕಿದ್ದಾನೆ, ಅಷ್ಟೇ ತಾನೇ? ಗಂಡ ಅಂದ ಮೇಲೆ ಅಷ್ಟೂ ಇಲ್ಲದಿದ್ದರೆ ಹೇಗೆ?"

ಈ ಮಾತನ್ನು ಕೇಳದ ಹೆಣ್ಣು ನಮ್ಮ ಸಂಘಗಳಲ್ಲಿ ಒಬ್ಬಳಾದರೂ ಇದ್ದಾಳೆಯೇ? ಅತ್ತೆ ಹೇಳುತ್ತಾಳೆ, ಕಟ್ಟೆಯ ಮೇಲೆ ನ್ಯಾಯಕ್ಕೆ ಕುಳಿತ ಹಿರಿಯರು ಹೇಳುತ್ತಾರೆ, ಠಾಣೆಯಲ್ಲಿ ಮೇಜಿನ ಆಚೆ ಕುಳಿತವರು ಹೇಳುತ್ತಾರೆ, ಹೆತ್ತ ತಾಯಿಯೂ ಸೆರಗಿನಲ್ಲಿ ಕಣ್ಣೊರೆಸಿಕೊಂಡು ಅದನ್ನೇ ಹೇಳಿ ಮಗಳನ್ನು ಬಸ್ಸು ಹತ್ತಿಸುತ್ತಾಳೆ. ಸೀಮೆಎಣ್ಣೆ ಸುರಿದು ಸುಟ್ಟದ್ದನ್ನು ಕೊಲೆ ಎಂದು ಒಪ್ಪಿಸುವುದಕ್ಕೇ ಹೆಂಗಸರು ಎಷ್ಟು ಮೆರವಣಿಗೆ ಮಾಡಬೇಕಾಯಿತು! ಕಪಾಳದ ಏಟು ಮಾತ್ರ ಇಂದಿಗೂ ಸಂಸಾರದ ಒಳಗಿನ ಮಾತು. ಸಾರಿಗೆ ಉಪ್ಪು ಹೆಚ್ಚಾದರೆ ಒಂದು, ತವರಿನಿಂದ ತರುತ್ತೇನೆಂದ ಹಣ ತರದಿದ್ದರೆ ಎರಡು, ಎದುರು ಮಾತಾಡಿದರೆ ಲೆಕ್ಕವಿಲ್ಲ.

ಆ ಏಟು ಬೀಳುವ ಜಾಗದಲ್ಲಿ ಏನಿದೆ, ಅಲ್ಲಿ ಏನು ಹರಿಯುತ್ತದೆ, ಹರಿದದ್ದನ್ನು ನೋಡಿದ ವೈದ್ಯರಿಗೆ ಏನೇನು ಗೊತ್ತಾಗುತ್ತದೆ, ಗೊತ್ತಾದದ್ದು ಆಸ್ಪತ್ರೆಯ ಚೀಟಿಗೆ ಯಾಕೆ ಇಳಿಯುವುದಿಲ್ಲ ಎಂಬುದನ್ನು ನಮ್ಮ ಹೆಣ್ಣುಮಕ್ಕಳಿಗೆ ಯಾರೂ ಹೇಳುವುದಿಲ್ಲ. ನಾನು ಹೇಳುತ್ತೇನೆ. ಒಂದು ಸರಕಾರಿ ಆಸ್ಪತ್ರೆಯ ಕಿವಿ, ಮೂಗು, ಗಂಟಲು ವಿಭಾಗದಲ್ಲಿ 20 ವರ್ಷಕ್ಕೂ ಮೇಲ್ಪಟ್ಟು ದಾದಿಯಾಗಿ ದುಡಿದು ನಿವೃತ್ತಳಾದವಳು ನಾನು. ಕಿವಿ ಹಿಡಿದುಕೊಂಡು ಬೆಂಚಿನ ತುದಿಯಲ್ಲಿ ಕುಳಿತ ಹೆಂಗಸನ್ನು ದೂರದಿಂದ ನೋಡಿದರೇ ಯಾವ ಕಿವಿ ಎಂದು ಹೇಳಿಬಿಡಬಹುದು, ಹೆಚ್ಚಿನ ಪಾಲು ಎಡಗಿವಿ. ಹೊಡೆಯುವವನು ಎದುರಿಗೆ ನಿಂತಿರುತ್ತಾನೆ, ಅವನದು ಬಲಗೈ. ಇದು ನನ್ನ ಅನುಭವ ಮಾತ್ರವಲ್ಲ, ಈ ಗಾಯದ ಬಗ್ಗೆ ಬೇರೆ ಬೇರೆ ದೇಶಗಳ ವೈದ್ಯರು ಬರೆದ ವರದಿಗಳೂ ಇದನ್ನೇ ಹೇಳುತ್ತವೆ.

ಕಿವಿಯ ಒಳಗೆ ಏನಿದೆ ಎಂದು ಮೊದಲು ತಿಳಿಯೋಣ. ಹೊರಗೆ ಕಾಣುವ ತೂತು ಸುಮಾರು ಒಂದು ಅಂಗುಲ ಉದ್ದದ ಕೊಳವೆ. ಅದರ ಕೊನೆಯಲ್ಲಿ ಒಂದು ಪರೆ ಬಿಗಿದಿದೆ. ಶಾಲೆಯ ಪುಸ್ತಕದಲ್ಲಿ ಅದನ್ನು ತಮಟೆ ಎಂದು ಕರೆಯುತ್ತಾರೆ. ಕಿರುಬೆರಳಿನ ಉಗುರಿನಷ್ಟು ಅಗಲ, ದಪ್ಪ ಮಿಲಿಮೀಟರಿನ ಹತ್ತರಲ್ಲಿ ಒಂದು ಪಾಲು. ಇಷ್ಟು ತೆಳುವಿನಲ್ಲೂ ಮೂರು ಪದರ ಇವೆ. ಅದರ ಹಿಂದೆ ಒಂದಕ್ಕೊಂದು ಕೊಂಡಿ ಹಾಕಿಕೊಂಡ ಮೂರು ಪುಟ್ಟ ಎಲುಬುಗಳು. ಕೊನೆಯದು ನಮ್ಮ ಇಡೀ ದೇಹದಲ್ಲೇ ಅತಿ ಚಿಕ್ಕ ಎಲುಬು. ಅದರ ಹಿಂದೆ ಬಸವನ ಹುಳುವಿನ ಚಿಪ್ಪಿನ ಹಾಗೆ ಸುರುಳಿ ಸುತ್ತಿದ ಒಳಗಿವಿ. ಮಾತು ಕೇಳುವುದೂ, ತಲೆ ತಿರುಗದೆ ನೆಟ್ಟಗೆ ನಡೆಯುವುದೂ ಅದರ ಕೈಯಲ್ಲಿದೆ.

ಅಂಗೈ ಬಿಚ್ಚಿ ಕಿವಿಯ ಮೇಲೆ ಹೊಡೆದಾಗ ಆ ಕೈ ಕೊಳವೆಯ ಬಾಯನ್ನು ಮುಚ್ಚಿಬಿಡುತ್ತದೆ. ಒಳಗಿನ ಗಾಳಿಗೆ ಹೊರಬರಲು ದಾರಿಯಿಲ್ಲ. ಸೈಕಲ್ ಪಂಪಿನ ಹಿಡಿಯನ್ನು ಜೋರಾಗಿ ಒತ್ತಿದ ಹಾಗೆ ಗಾಳಿ ಒಳಕ್ಕೆ ನುಗ್ಗಿ ಪರೆಯನ್ನು ಹರಿಯುತ್ತದೆ. ಬಾಂಬು ಸಿಡಿದಾಗ ಸೈನಿಕರ ಕಿವಿಗೆ ಆಗುವ ಗಾಯ ಯಾವ ಜಾತಿಯದೋ ಇದೂ ಅದೇ ಜಾತಿಯದು. ಯುದ್ಧವಿಲ್ಲದ ಊರುಗಳಲ್ಲಿ ಪೆಟ್ಟಿನಿಂದ ತಮಟೆ ಹರಿಯುವುದಕ್ಕೆ ಮುಖ್ಯ ಕಾರಣಗಳಲ್ಲಿ ಕಪಾಳದ ಏಟೂ ಒಂದು ಎಂದು ಭಾರತ, ನೈಜೀರಿಯಾ, ಚೀನಾ, ಇಸ್ರೇಲ್ ಮುಂತಾದ ಕಡೆಗಳ ಕಿವಿ ವೈದ್ಯರು ಮತ್ತೆ ಮತ್ತೆ ಬರೆದಿದ್ದಾರೆ. ಮನೆಯೊಳಗೆ ಬಾಂಬು ಹಾಕಿದರೆ ಪೊಲೀಸರು ಓಡಿ ಬರುತ್ತಾರಲ್ಲವೇ?

ತಮಟೆ ಹರಿದವಳಿಗೆ ಆ ಕ್ಷಣದಲ್ಲಿ ಕಿವಿಯೊಳಗೆ ಏನೋ ಟಪ್ ಎಂದಂತಾಗುತ್ತದೆ. ನೋವು, ಗುಂಯ್ ಎನ್ನುವ ಸದ್ದು, ಕಿವಿ ಕಟ್ಟಿದ ಹಾಗೆ. ಒಂದೆರಡು ಹನಿ ರಕ್ತ ಬರಬಹುದು, ಬರದೆಯೂ ಇರಬಹುದು. ಮೂಗು ಸೀನಿದರೆ ಕಿವಿಯಿಂದ ಗಾಳಿ ಹೋದಂತೆ ಸಿಳ್ಳೆ ಕೇಳುತ್ತದೆ. ಕೆಲವರಿಗೆ ತಲೆಸುತ್ತು. ಒಂದೆರಡು ದಿನಕ್ಕೆ ನೋವು ಇಳಿಯುತ್ತದೆ. ಅಲ್ಲಿಗೆ ಹೆಂಗಸು ಮತ್ತೆ ಒಲೆಯ ಮುಂದೆ. ಹೊರಗಿನಿಂದ ನೋಡಿದವರಿಗೆ ಕೆನ್ನೆಯ ಮೇಲೆ ಬೆರಳಿನ ಗುರುತೂ ಇಲ್ಲ. "ಏನಾಗಿದೆ ಇವಳಿಗೆ, ಕರೆದರೂ ಕೇಳುವುದಿಲ್ಲ, ಸೊಕ್ಕು" ಎಂದು ಮನೆಯವರ ಹೊಸ ದೂರು ಅಲ್ಲಿಂದ ಶುರು. ಕೇಳಿಸದ ತಪ್ಪಿಗೆ ಇನ್ನೊಂದು ಏಟು ತಿಂದವರನ್ನು ನಾನು ಕಂಡಿದ್ದೇನೆ.

ಈಗ ಚೀಟಿಯ ವಿಚಾರಕ್ಕೆ ಬರುತ್ತೇನೆ. ಹೆಂಗಸು ಆಸ್ಪತ್ರೆಗೆ ಬರುವಾಗ ಒಬ್ಬಳೇ ಬರುವುದಿಲ್ಲ. ಹೊಡೆದವನೇ ಜೊತೆಯಲ್ಲಿರುತ್ತಾನೆ, ಇಲ್ಲವೇ ಅವನ ತಾಯಿ. "ಹೇಗಾಯ್ತಮ್ಮ?" ಎಂದು ಕೇಳಿದರೆ ಉತ್ತರ ಅವಳ ಬಾಯಿಂದ ಬರುವ ಮೊದಲೇ ಪಕ್ಕದಿಂದ ಬರುತ್ತದೆ: "ಬಚ್ಚಲಲ್ಲಿ ಜಾರಿ ಬಿದ್ಲು ಡಾಕ್ಟ್ರೇ." ಚೀಟಿಯಲ್ಲಿ ಅದೇ ಬೀಳುತ್ತದೆ. ಹೊರಗೆ ಎಷ್ಟು ಬಚ್ಚಲುಗಳು, ಎಷ್ಟು ಮೆಟ್ಟಿಲುಗಳು, ಎಷ್ಟು ಹಸುವಿನ ಕೋಡುಗಳು! ನಮ್ಮ ಜಿಲ್ಲೆಯ ದನಗಳೆಲ್ಲ ಮದುವೆಯಾದ ಹೆಂಗಸರ ಎಡಗಿವಿಯನ್ನೇ ಗುರಿ ಇಟ್ಟು ಹಾಯುತ್ತವೆಯೋ ಏನೋ.

ಆದರೆ ನಿಜ ಸಂಗತಿ ಏನು ಗೊತ್ತೇ? ಕಿವಿ ನೋಡುವ ವೈದ್ಯರಿಗೆ ಆ ಗಾಯವನ್ನು ಓದಲು ಬರುತ್ತದೆ. ಬಿದ್ದು ತಮಟೆ ಹರಿಯುವುದು ಉಂಟು, ಆದರೆ ಹಾಗೆ ಹರಿಯುವಷ್ಟು ಬಿದ್ದರೆ ಸಾಮಾನ್ಯವಾಗಿ ತಲೆಬುರುಡೆಗೇ ಪೆಟ್ಟಾಗಿರುತ್ತದೆ, ಅದರ ಲಕ್ಷಣಗಳೇ ಬೇರೆ. ಕಡ್ಡಿ, ಹೇರ್‌ಪಿನ್ ಹಾಕಿ ಕೆರೆದುಕೊಂಡು ಹರಿದರೆ ಕೊಳವೆಯಲ್ಲಿ ಸಾಮಾನ್ಯವಾಗಿ ಗೀರು ಇರುತ್ತದೆ. ಅಂಗೈ ಏಟಿನಿಂದ ಹರಿದ ಪರೆಯ ಅಂಚು ಒಡೆದ ಹಂಚಿನ ಹಾಗೆ ಅಂಕುಡೊಂಕು, ಅಂಚಿಗೆ ರಕ್ತ ಕಟ್ಟಿರುತ್ತದೆ, ಉಳಿದ ಪರೆ ಚೆನ್ನಾಗಿರುತ್ತದೆ, ಕೀವು ಇರುವುದಿಲ್ಲ.

ಇದು ಯಾಕೆ ಮುಖ್ಯ ಎಂದರೆ, ಕೇಸು ಕೋರ್ಟಿಗೆ ಹೋದ ದಿನ ಗಂಡನ ಕಡೆಯ ವಕೀಲರು ಎತ್ತುವ ಮೊದಲ ಮಾತೇ "ಅವಳ ಕಿವಿ ಮದುವೆಗೆ ಮುಂಚೆಯೇ ಸೋರುತ್ತಿತ್ತು, ಅದನ್ನು ಮುಚ್ಚಿಟ್ಟು ಮದುವೆ ಮಾಡಿದರು" ಎಂಬುದು. ನಮ್ಮ ಹಳ್ಳಿಗಳಲ್ಲಿ ಕಿವಿ ಸೋರುವ ರೋಗ ಬಹಳ, ಆದ್ದರಿಂದ ಈ ಸುಳ್ಳು ಸುಲಭವಾಗಿ ನಂಬಿಕೆಗೆ ಬರುತ್ತದೆ. ಆದರೆ ಹಳೆಯ ತೂತಿನ ಅಂಚು ನುಣುಪಾಗಿ ದುಂಡಗಿರುತ್ತದೆ, ಪರೆ ದಪ್ಪಗಾಗಿರುತ್ತದೆ, ಎಷ್ಟೋ ಸಲ ಅದರ ಮೇಲೆ ಸುಣ್ಣ ಬಳಿದ ಹಾಗೆ ಬಿಳಿ ಮಚ್ಚೆ ಇರುತ್ತದೆ. ಹೊಸದನ್ನೂ ಹಳೆಯದನ್ನೂ ಬೇರೆ ಮಾಡಿ ಹೇಳುವುದು ಪರಿಣತ ಕಣ್ಣಿಗೆ ಕಷ್ಟವಲ್ಲ, ಮೊದಲ ಕೆಲವು ದಿನಗಳಲ್ಲಿ ನೋಡಿದರೆ! ವಾರಗಳು ಕಳೆದರೆ ಅಂಚು ತಾನೇ ನುಣುಪಾಗುತ್ತದೆ, ರಕ್ತದ ಗುರುತು ಹೋಗುತ್ತದೆ, ಸೋಂಕು ತಗುಲಿ ಕೀವು ಸೇರಿದರಂತೂ ಮುಗಿಯಿತು. ಆಮೇಲೆ ಯಾವ ವೈದ್ಯರೂ ಖಚಿತವಾಗಿ ಹೇಳಲಾರರು. ಅಂದರೆ "ಇವತ್ತು ಬೇಡ, ಹಬ್ಬ ಕಳೆಯಲಿ" ಎಂದು ಮನೆಯವರು ತಡೆದು ನಿಲ್ಲಿಸುವ ಒಂದೊಂದು ದಿನವೂ ಸಾಕ್ಷಿಯನ್ನು ಅಳಿಸುವ ದಿನ.

ಇನ್ನೊಂದು ಅಳಿಸುವಿಕೆ ನಮ್ಮ ಅಡುಗೆಮನೆಯಿಂದಲೇ ನಡೆಯುತ್ತದೆ. ಬೆಳ್ಳುಳ್ಳಿ ಹಾಕಿ ಕಾಯಿಸಿದ ಎಣ್ಣೆ, ಯಾವುದೋ ಸೊಪ್ಪಿನ ರಸ, ಅಂಗಡಿಯಲ್ಲಿ ಕೇಳಿ ತಂದ ಹನಿ ಔಷಧ. ಪ್ರೀತಿಯಿಂದಲೇ ಹಾಕುತ್ತಾರೆ. ಆದರೆ ಹರಿದ ತಮಟೆಗೆ ಇವೆಲ್ಲ ವಿಷ. ಒಳಗೆ ಸೋಂಕು ಸೇರಿ ತಾನಾಗಿ ಮುಚ್ಚಿಕೊಳ್ಳಬೇಕಾದ ತೂತು ಮುಚ್ಚದೆ ಉಳಿಯುತ್ತದೆ. ಏಟು ಬಿದ್ದ ಕಿವಿಗೆ ಏನನ್ನೂ ಹಾಕಬೇಡಿ. ನೀರು ಹೋಗಬಾರದು; ತಲೆಗೆ ಎರೆದುಕೊಳ್ಳುವಾಗ ವ್ಯಾಸಲೀನ್ ಸವರಿದ ಹತ್ತಿಯನ್ನು ಕಿವಿಯ ಬಾಯಿಗೆ ಇಟ್ಟುಕೊಳ್ಳಿ. ಜೋರಾಗಿ ಮೂಗು ಸೀನಬೇಡಿ. ತಲೆಸುತ್ತು ಜೋರಾಗಿದ್ದರೆ, ಮುಖ ಒಂದು ಕಡೆಗೆ ಸೊಟ್ಟಗಾದರೆ, ಇದ್ದಕ್ಕಿದ್ದಂತೆ ಏನೂ ಕೇಳಿಸದಾದರೆ ಆ ದಿನವೇ ದೊಡ್ಡ ಆಸ್ಪತ್ರೆಗೆ ಹೋಗಬೇಕು, ಪೆಟ್ಟು ಒಳಗಿವಿಯವರೆಗೆ ಹೋಗಿರಬಹುದು. ಒಳಗಿವಿಯ ನರಕ್ಕೆ ಆದ ಕಿವುಡನ್ನು ತಮಟೆಯ ಯಾವ ಆಪರೇಷನ್ನೂ ಸರಿಮಾಡುವುದಿಲ್ಲ.

ಪರೆ ತಾನಾಗಿ ಮುಚ್ಚಿಕೊಳ್ಳುತ್ತದೆ ಎಂದೆನಲ್ಲ, ಅದು ನಿಜ. ಒಣಗಿಸಿ ಇಟ್ಟುಕೊಂಡರೆ ನೂರರಲ್ಲಿ 80ರಷ್ಟು ಅಥವಾ ಅದಕ್ಕೂ ಹೆಚ್ಚು ಕಿವಿಗಳು ಮೂರು ತಿಂಗಳೊಳಗೆ ಮುಚ್ಚಿಕೊಳ್ಳುತ್ತವೆ ಎಂದು ಬಹುತೇಕ ವರದಿಗಳು ಹೇಳುತ್ತವೆ. ಹೆಣ್ಣಿನ ಮೈ ಅಷ್ಟು ತಾಳ್ಮೆಯದು. ಈ ತಾಳ್ಮೆಯೇ ಅವನ ರಕ್ಷಣೆಗೆ ನಿಲ್ಲುವುದನ್ನು ನೋಡಿ.

ಕಾನೂನಿನಲ್ಲಿ ಗಾಯಕ್ಕೆ ಎರಡು ಜಾತಿ: ಸಾಮಾನ್ಯ, ಘೋರ. ಎರಡರಲ್ಲಿ ಯಾವುದೇ ಒಂದು ಕಿವಿಯ ಕೇಳುವ ಶಕ್ತಿ ಶಾಶ್ವತವಾಗಿ ಹೋದರೆ ಅದು ಘೋರ ಗಾಯ. ಹಿಂದೆ ಇದು ದಂಡಸಂಹಿತೆಯ 320ನೇ ಕಲಮಿನಲ್ಲಿತ್ತು; 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯ 116ನೇ ಕಲಮಿನಲ್ಲಿದೆ. ಇಂಥ ಗಾಯ ಮಾಡಿದವನಿಗೆ 7 ವರ್ಷದವರೆಗೆ ಶಿಕ್ಷೆ. ಸಾಮಾನ್ಯ ಗಾಯಕ್ಕೆ ಹೆಚ್ಚೆಂದರೆ ಒಂದು ವರ್ಷ, ಅಥವಾ 10 ಸಾವಿರ ರೂಪಾಯಿವರೆಗೆ ದಂಡ. ಅಷ್ಟೇ ಅಲ್ಲ, ಸಾಮಾನ್ಯ ಗಾಯವಾದರೆ ಪೊಲೀಸರು ಕೋರ್ಟಿನ ಅಪ್ಪಣೆಯಿಲ್ಲದೆ ತನಿಖೆಗೆ ಕೈಹಾಕಬೇಕಾಗಿಲ್ಲ, ಪುಸ್ತಕದಲ್ಲಿ ಒಂದು ಸಾಲು ಬರೆದು ಕಳಿಸಿಬಿಡಬಹುದು. ಈಗ ಯೋಚಿಸಿ. ಹರಿದ ತಮಟೆ ಮೂರು ತಿಂಗಳಲ್ಲಿ ಮುಚ್ಚಿಕೊಂಡಿತು, ಕೇಳಿಸುತ್ತದೆ. ಹಾಗಾದರೆ 'ಶಾಶ್ವತ' ಎನ್ನುವಂತಿಲ್ಲ. ಅವಳ ರಕ್ತ, ಅವಳ ಚರ್ಮ ಸೇರಿ ತೂತು ಮುಚ್ಚಿದ್ದಕ್ಕೆ ಅವನ ಅಪರಾಧ ಚಿಕ್ಕದಾಯಿತು. ಗುಣವಾದದ್ದೂ ಅವಳ ವಿರುದ್ಧದ ಸಾಕ್ಷಿ! ಹೊಡೆದ ಕೈಯ ಜೋರನ್ನು ಅಳೆಯದೆ, ಹೊಡೆಸಿಕೊಂಡ ಕಿವಿಯ ಗಟ್ಟಿತನವನ್ನು ಅಳೆಯುವ ಈ ತಕ್ಕಡಿಯನ್ನು ಹೊಸ ಸಂಹಿತೆ ಬರೆದವರೂ ಹಾಗೆಯೇ ಎತ್ತಿಟ್ಟುಕೊಂಡರು.

ಇದಕ್ಕೆ ಎದುರಾಗಿ ನಮ್ಮ ಕೈಯಲ್ಲಿರುವುದು 1983ರಲ್ಲಿ ಬಂದ 498-ಎ, ಈಗಿನ 85 ಮತ್ತು 86ನೇ ಕಲಮುಗಳು. ಹಣ, ಒಡವೆಗಾಗಿ ಪೀಡಿಸಿದರೆ, ಹೆಂಡತಿಯ ಜೀವಕ್ಕೆ, ಅಂಗಕ್ಕೆ, ಆರೋಗ್ಯಕ್ಕೆ ಗಂಡಾಂತರ ತರುವ ಹಾಗೆ ಬೇಕೆಂದೇ ನಡೆದುಕೊಂಡರೆ ಅದು ಕ್ರೌರ್ಯ, 3 ವರ್ಷದವರೆಗೆ ಜೈಲು. ಅಂಗಕ್ಕೆ ಗಂಡಾಂತರ ಎಂದರೆ ಏನು? ಕಿವಿ ಅಂಗವಲ್ಲವೇ? ಠಾಣೆಯಲ್ಲಿ "ಬರೀ ಕಪಾಳಕ್ಕೆ ಹೊಡೆದದ್ದಕ್ಕೆ ಈ ಕಲಮು ಹಾಕೋದಕ್ಕೆ ಆಗಲ್ಲಮ್ಮ" ಎನ್ನುವವರ ಮುಂದೆ ಇಡಲು ಬೇಕಾದದ್ದು ಆಸ್ಪತ್ರೆಯ ಕಾಗದ. ಎಷ್ಟು ದೊಡ್ಡ ತೂತು, ಯಾವ ಭಾಗದಲ್ಲಿ, ಅಂಚು ಹೇಗಿದೆ, ಎಷ್ಟು ಕೇಳಿಸುತ್ತದೆ, ಯಾರು ಹೊಡೆದದ್ದೆಂದು ಹೆಂಗಸು ಹೇಳಿದಳು, ಯಾವ ದಿನ. ಇದಿಷ್ಟೂ ಅದರಲ್ಲಿರಬೇಕು.

ಮೊದಲ ಮೂರನ್ನೂ ನಮ್ಮ ವೈದ್ಯರು ಬಹಳ ಚೆನ್ನಾಗಿ ಬರೆಯುತ್ತಾರೆ. ಚಿತ್ರವನ್ನೂ ಬಿಡಿಸುತ್ತಾರೆ, ದುಂಡಗೆ ಒಂದು ವೃತ್ತ, ಒಳಗೆ ಕಪ್ಪು ಮಾಡಿದ ಒಂದು ಚೂರು. ಆದರೆ ಕಾರಣ ಎಂಬಲ್ಲಿಗೆ ಬಂದ ಕೂಡಲೇ ಪೆನ್ನಿನ ಶಾಯಿ ಒಣಗುತ್ತದೆ. 'ಪೆಟ್ಟು' ಎಂದು ಒಂದೇ ಪದ. ಯಾರ ಪೆಟ್ಟು? ನಾನಿದ್ದ ಕಡೆ ಒಬ್ಬ ಎಳೆಯ ವೈದ್ಯೆ 'ಗಂಡ ಹೊಡೆದದ್ದಾಗಿ ರೋಗಿ ತಿಳಿಸಿದರು' ಎಂದು ಬರೆದಳು. ಸಂಜೆಯೊಳಗೆ ಅವಳನ್ನು ಒಳಗೆ ಕರೆದು "ನೀನು ಡಾಕ್ಟ್ರೋ, ಪೊಲೀಸೋ? ನಾಳೆ ಕೋರ್ಟಿಗೆ ನೀನು ಅಲೆಯುತ್ತೀಯಾ?" ಎಂದು ಕೇಳಿದರು. ಕೋರ್ಟಿಗೆ ಅಲೆಯುವ ಬೇಸರವೇ ನಮ್ಮ ನಾಡಿನ ಹೆಂಗಸರ ಎಷ್ಟೋ ಗಾಯಗಳಿಗೆ ಬಚ್ಚಲಿನ ಹೆಸರು ಕೊಟ್ಟಿದೆ ಎಂಬುದು ನನ್ನ ಖಚಿತ ಅಭಿಪ್ರಾಯ.

ಸಂಶೋಧನೆ ಮಾಡುವವರ ಕಥೆಯೂ ಬೇರೆಯಲ್ಲ. ಹರಿದ ತಮಟೆಯನ್ನು ಮುಚ್ಚುವುದಕ್ಕೆ ಜಗತ್ತಿನಲ್ಲಿ ಎಷ್ಟು ತಲೆ ಓಡಿದೆ ನೋಡಿ. 1640ರಲ್ಲೇ ಬಾಂಜರ್ ಎಂಬ ಯುರೋಪಿನ ವೈದ್ಯ ಹಂದಿಯ ಮೂತ್ರಕೋಶದ ಪೊರೆಯನ್ನು ಒಂದು ಕೊಳವೆಗೆ ಬಿಗಿದು ಕಿವಿಯಲ್ಲಿ ಇಟ್ಟ. 1853ರಲ್ಲಿ ಲಂಡನ್ನಿನ ಟಾಯ್ನ್‌ಬೀ ಬೆಳ್ಳಿ ತಂತಿಗೆ ರಬ್ಬರಿನ ಬಿಲ್ಲೆ ಸಿಕ್ಕಿಸಿದ. 1878ರಲ್ಲಿ ಬೆರ್ಟೋಲ್ಡ್ ಚರ್ಮದ ತುಂಡನ್ನು ಕಸಿ ಮಾಡಿದ, 1887ರಲ್ಲಿ ಬೋಸ್ಟನ್ನಿನ ಬ್ಲೇಕ್ ಕಾಗದದ ತೇಪೆ ಹಚ್ಚಿದ. 1950ರ ದಶಕದಲ್ಲಿ ಜರ್ಮನಿಯ ವುಲ್‌ಸ್ಟೈನ್, ಝೋಲ್ನರ್ ಇಬ್ಬರೂ ಸೂಕ್ಷ್ಮದರ್ಶಕದ ಕೆಳಗೆ ಮಾಡುವ ಇಂದಿನ ಆಪರೇಷನ್ನಿಗೆ ದಾರಿ ಹಾಕಿದರು. ಈಗ ಸಾಮಾನ್ಯವಾಗಿ ಮಾಡುವುದೆಂದರೆ, ಕಿವಿಯ ಹಿಂದೆ ಸಣ್ಣದಾಗಿ ಕೊಯ್ದು, ಕಪೋಲದ ಮಾಂಸಖಂಡದ ಮೇಲಿರುವ ಈರುಳ್ಳಿ ಪೊರೆಯಂಥ ತೆಳು ಹೊದಿಕೆಯನ್ನು ತೆಗೆದು ತೂತಿಗೆ ಹೊದಿಸುತ್ತಾರೆ. ಒಳ್ಳೆಯ ಕೈಯಲ್ಲಿ ನೂರರಲ್ಲಿ 85, 90 ಕಿವಿಗಳಿಗೆ ಕಸಿ ಹಿಡಿಯುತ್ತದೆ. ಎಂಥ ನಾಜೂಕಿನ ಕೆಲಸ ಅದು! ನಾನು ಪಕ್ಕದಲ್ಲಿ ನಿಂತು ಎಷ್ಟೋ ಸಲ ಬೆರಗಾಗಿದ್ದೇನೆ. ಆ ಕೈಗಳ ಬಗ್ಗೆ ನನಗೆ ಗೌರವವಿದೆ, ಈ ಲೇಖನ ಅವರನ್ನು ಹಳಿಯುವುದಕ್ಕಲ್ಲ.

ಆದರೆ ಕೇಳಬೇಕಾದ್ದನ್ನು ಕೇಳುತ್ತೇನೆ. ಕಸಿ ಯಾಕೆ ಹಿಡಿಯಲಿಲ್ಲ ಎಂದು ಪಟ್ಟಿ ಮಾಡುವಾಗ ಸೋಂಕು ಬರೆಯುತ್ತಾರೆ, ತೂತು ದೊಡ್ಡದಿತ್ತು ಎನ್ನುತ್ತಾರೆ, ಬೀಡಿ ಸಿಗರೇಟು, ಮೂಗಿನ ತೊಂದರೆ, ಇನ್ನೊಂದು ಕಿವಿಯ ಸ್ಥಿತಿ ಎಲ್ಲ ಬರೆಯುತ್ತಾರೆ. ಹೊಡೆದ ಕೈ ಇರುವ ಮನೆಗೇ ಅವಳನ್ನು ವಾಪಸು ಕಳಿಸಿದೆವು ಎಂಬುದಕ್ಕೆ ನನ್ನ ಕಣ್ಣಿಗೆ ಬಿದ್ದ ವರದಿಗಳಲ್ಲಿ ಒಂದು ಕಾಲಮ್ಮೂ ಇರಲಿಲ್ಲ. ಆಪರೇಷನ್ ಆದ ಮೇಲೆ ಆರು ವಾರ ಕಿವಿಗೆ ನೀರು ತಾಗಬಾರದು, ಭಾರ ಎತ್ತಬಾರದು ಎಂದು ಹೇಳಿ ಕಳಿಸುತ್ತೇವೆ. ಹೊಡೆಸಿಕೊಳ್ಳಬಾರದು ಎಂದು ಯಾರಿಗೆ ಹೇಳಿ ಕಳಿಸಬೇಕು?

2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ನಮ್ಮ ಕರ್ನಾಟಕದ ಬಗ್ಗೆ ಒಂದು ಲೆಕ್ಕ ಕೊಟ್ಟಿತು. 18ರಿಂದ 49 ವಯಸ್ಸಿನ ಮದುವೆಯಾದ ಹೆಂಗಸರಲ್ಲಿ 100ಕ್ಕೆ 44 ಜನ ಗಂಡನ ಹಿಂಸೆ ಅನುಭವಿಸಿದವರು. ಇಡೀ ದೇಶದ ಲೆಕ್ಕ 100ಕ್ಕೆ 29. ಹೊಡೆತಗಳಲ್ಲೆಲ್ಲ ಅತಿ ಹೆಚ್ಚು ಹೆಂಗಸರು ಹೇಳಿದ್ದು ಕೆನ್ನೆಗೆ ಏಟು. ಹಿಂಸೆ ಅನುಭವಿಸಿದವರಲ್ಲಿ ದೇಶದಾದ್ಯಂತ 100ಕ್ಕೆ 77 ಜನ ಯಾರಲ್ಲೂ ಹೇಳಿಕೊಂಡಿರಲಿಲ್ಲ, ಸಹಾಯವನ್ನೂ ಕೇಳಿರಲಿಲ್ಲ. ನಮ್ಮ ವಾರದ ಸಭೆಯಲ್ಲಿ 20 ಜನ ಚಾಪೆಯ ಮೇಲೆ ಕುಳಿತಾಗ ಈ ಲೆಕ್ಕವನ್ನು ಒಮ್ಮೆ ಮನಸ್ಸಿನಲ್ಲೇ ಮಾಡಿ ನೋಡಿ.

ಮೂಗಿನ ಬಗ್ಗೆ ಎರಡು ಮಾತು. ಮೂಗಿಗೆ ಗುದ್ದಿದರೆ ಎಲುಬು ಮುರಿಯುತ್ತದೆ. ಎಲುಬು ಮುರಿದರೆ ಅದು ಕಾನೂನಿನಲ್ಲಿ ಘೋರ ಗಾಯ, ಅಲ್ಲಿ 'ಶಾಶ್ವತ' ಎಂಬ ತಕರಾರಿಲ್ಲ. ಆದ್ದರಿಂದ ಎಕ್ಸ್-ರೇ ತೆಗೆಸಿ, ವೈದ್ಯರು ಮುಟ್ಟಿ ನೋಡಿ ಬರೆದದ್ದನ್ನೂ ಕೇಳಿ ಪಡೆಯಿರಿ. ಒಂದೆರಡು ವಾರದೊಳಗೆ ಕೂರಿಸಿದರೆ ಎಲುಬು ಜಾಗಕ್ಕೆ ಬರುತ್ತದೆ, ಆಮೇಲೆ ಸೊಟ್ಟಗೇ ಕೂಡಿಕೊಳ್ಳುತ್ತದೆ. ಎರಡೂ ಹೊಳ್ಳೆ ಕಟ್ಟಿ ಒಳಗೆ ಊತ ಬಂದರೆ ಮಾತ್ರ ಒಂದು ದಿನವೂ ತಡೆಯಬಾರದು. ನಡುಗೋಡೆಯಲ್ಲಿ ರಕ್ತ ತುಂಬಿಕೊಂಡರೆ ಮೂರು ನಾಲ್ಕು ದಿನದಲ್ಲಿ ಮೃದ್ವಸ್ಥಿ ಕೊಳೆತು ಮೂಗು ಕುಸಿಯುತ್ತದೆ. ಮೂಗು ಸರಿಮಾಡುವ ವಿದ್ಯೆ ನಮ್ಮ ದೇಶದಲ್ಲೇ ಹುಟ್ಟಿ ಬೆಳೆಯಿತು ಎಂದು ಹೆಮ್ಮೆ ಪಡುತ್ತೇವೆ, ಸುಶ್ರುತನ ಹೆಸರು ಹೇಳುತ್ತೇವೆ. ಯಾಕೆ ಬೆಳೆಯಿತು? ಇಲ್ಲಿ ಮೂಗು ಕೊಯ್ಯುವುದು ಒಂದು ಶಿಕ್ಷೆಯಾಗಿತ್ತು, ಶೀಲ ಕೆಟ್ಟವಳೆಂದು ಗಂಡ ಹೆಂಡತಿಯ ಮೂಗು ಕೊಯ್ಯುವುದೂ ಅದರಲ್ಲಿ ಸೇರಿತ್ತು. ಟಿಪ್ಪು ಮತ್ತು ಇಂಗ್ಲಿಷರ ಯುದ್ಧದಲ್ಲಿ ಸೆರೆಸಿಕ್ಕು ಮೂಗು ಕೊಯ್ಸಿಕೊಂಡ ಕಾವಸ್‌ಜಿ ಎಂಬ ಬಂಡಿ ಹೊಡೆಯುವವನಿಗೆ ಪುಣೆಯಲ್ಲಿ ಹಣೆಯ ಚರ್ಮದಿಂದ ಮೂಗು ಮಾಡಿದ್ದು 1794ರಲ್ಲಿ ಲಂಡನ್ನಿನ ಪತ್ರಿಕೆಯಲ್ಲಿ ಚಿತ್ರ ಸಮೇತ ಅಚ್ಚಾಯಿತು. ಅವನ ಹೆಸರು ಎಲ್ಲ ಪುಸ್ತಕಗಳಲ್ಲೂ ಇದೆ. ಗಂಡನಿಂದ ಮೂಗು ಕೊಯ್ಸಿಕೊಂಡ ಒಬ್ಬಳ ಹೆಸರೂ ನನಗೆ ಸಿಕ್ಕಿಲ್ಲ.

ಗಂಟಲಿನದು ಇನ್ನೂ ಭಯಂಕರ. ಕುತ್ತಿಗೆ ಹಿಸುಕಿ ಬಿಟ್ಟ ಮೇಲೆ ಹೆಂಗಸು ಬದುಕಿದ್ದಾಳೆ, ಮಾತಾಡುತ್ತಾಳೆ, ಕತ್ತಿನ ಮೇಲೆ ಏನೂ ಇಲ್ಲ ಎಂದು ಎಲ್ಲರೂ ನಿಟ್ಟುಸಿರು ಬಿಡುತ್ತಾರೆ. ಅಮೆರಿಕದ ಸ್ಯಾನ್ ಡಿಯಾಗೋ ಊರಿನಲ್ಲಿ ಇಂಥ 300 ಪ್ರಕರಣಗಳನ್ನು ಕೂಡಿಸಿ ನೋಡಿದವರು 2001ರಲ್ಲಿ ಬರೆದದ್ದು ಏನೆಂದರೆ, ಬಹುಪಾಲು ಹೆಂಗಸರಲ್ಲಿ ಫೋಟೋ ತೆಗೆಯುವಷ್ಟೂ ಗುರುತು ಇರಲಿಲ್ಲ. ದನಿ ಗೊಗ್ಗರಾಗುವುದು, ನುಂಗಲು ನೋವು, ಕಣ್ಣಿನ ಬಿಳಿಯಲ್ಲಿ ಕೆಂಪು ಚುಕ್ಕೆ, ಇವೇ ಅಲ್ಲಿ ಸಾಕ್ಷಿ. ಒಳಗಿನ ಊತ ಗಂಟೆಗಳ ನಂತರ ಉಸಿರು ಕಟ್ಟಿಸಬಹುದು. ಒಮ್ಮೆ ಕುತ್ತಿಗೆ ಹಿಸುಕಿದವನ ಕೈಯಲ್ಲಿ ಮುಂದೆ ಅವಳು ಕೊಲೆಯಾಗುವ ಅಪಾಯ ಸುಮಾರು ಏಳು ಪಟ್ಟು ಎಂದು ಅಲ್ಲಿನದೇ 2008ರ ಇನ್ನೊಂದು ಅಧ್ಯಯನ ಹೇಳಿತು. ಇಂಗ್ಲೆಂಡಿನಲ್ಲಿ 2022ರಿಂದ ಇದು ಪ್ರತ್ಯೇಕ ಅಪರಾಧ. ನಮ್ಮ ಹೊಸ ಸಂಹಿತೆಯಲ್ಲಿ ಇದಕ್ಕೊಂದು ಸ್ವಂತ ಹೆಸರೂ ಇಲ್ಲ. ದನಿ ಒಡೆದಿದೆ ಎಂದು ಬಂದ ಹೆಂಗಸಿಗೆ ಕೆಮ್ಮಿನ ಔಷಧಿ ಬರೆಯುವ ಮೊದಲು ಕುತ್ತಿಗೆ ಯಾರು ಮುಟ್ಟಿದರು ಎಂದು ಕೇಳಲೇಬೇಕು, ಅದೂ ಜೊತೆಗೆ ಬಂದವರನ್ನು ಹೊರಗೆ ಕಳಿಸಿ.

ಗೆಳತಿಯರೇ, ಕಾನೂನು ನಮಗೆ ಕೊಟ್ಟಿರುವ ಒಂದು ಹತಾರವನ್ನು ನಾವು ಬಳಸುತ್ತಿಲ್ಲ. 2005ರಲ್ಲಿ ಆಗಿ 2006ರ ಅಕ್ಟೋಬರ್ 26ರಿಂದ ಜಾರಿಗೆ ಬಂದ ಕೌಟುಂಬಿಕ ದೌರ್ಜನ್ಯ ಕಾಯಿದೆಯ ಪ್ರಕಾರ, ಸರಕಾರ ಸೂಚಿಸಿದ ಆಸ್ಪತ್ರೆಗಳು ಹೊಡೆಸಿಕೊಂಡು ಬಂದ ಹೆಂಗಸಿಗೆ ಚಿಕಿತ್ಸೆ ಕೊಡಲೇಬೇಕು. ಮೊದಲು ದೂರು ಕೊಟ್ಟು ಬಾ ಎಂದು ತಿರುಗಿಸಿ ಕಳಿಸುವಂತಿಲ್ಲ. ದೌರ್ಜನ್ಯದ ವರದಿ ಇನ್ನೂ ಆಗಿಲ್ಲವಾದರೆ ಆಸ್ಪತ್ರೆಯವರೇ ಅದರ ನಮೂನೆ ತುಂಬಿ ರಕ್ಷಣಾಧಿಕಾರಿಗೆ ಕಳಿಸಬೇಕು. ನಮ್ಮ ರಾಜ್ಯದಲ್ಲಿ ಶಿಶು ಅಭಿವೃದ್ಧಿ ಯೋಜನಾಧಿಕಾರಿಗಳು, ಅಂದರೆ ಅಂಗನವಾಡಿ ನೋಡಿಕೊಳ್ಳುವ ಸಿ.ಡಿ.ಪಿ.ಓ.ಗಳು, ಆ ಕೆಲಸಕ್ಕೆ ನೇಮಕವಾಗಿದ್ದಾರೆ. ವೈದ್ಯಕೀಯ ವರದಿಯ ಪ್ರತಿಯನ್ನು ಹೆಂಗಸಿಗೆ ದುಡ್ಡಿಲ್ಲದೆ ಕೊಡಬೇಕು ಎಂದು ನಿಯಮದಲ್ಲೇ ಬರೆದಿದೆ. ಆ ನಮೂನೆಯನ್ನು ಕಣ್ಣಿನಿಂದ ಕಂಡಿರುವ ಹೊರರೋಗಿ ವಿಭಾಗಗಳು ಎಷ್ಟಿವೆ? ನಿಮ್ಮ ತಾಲ್ಲೂಕು ಆಸ್ಪತ್ರೆಗೆ ನಾಲ್ಕು ಜನ ಹೋಗಿ ಕೇಳಿ ನೋಡಿ.

ಇನ್ನು ದುಡ್ಡಿನ ವಿಷಯ. ಇದನ್ನು ನಮ್ಮ ಸಂಘದ ಪುಸ್ತಕ ನೋಡಿಯೇ ಬರೆಯುತ್ತಿದ್ದೇನೆ. 'ಆರೋಗ್ಯ' ಎಂದು ಸಾಲ ಪಡೆದವರಲ್ಲಿ ಕಿವಿ ಆಪರೇಷನ್ನಿಗೆ ಪಡೆದವಳಿದ್ದಾಳೆ. ಬಸ್ ಚಾರ್ಜು, ಔಷಧಿ, ಸ್ಕ್ಯಾನಿಂಗ್, ಆರು ವಾರ ಕೂಲಿಗೆ ಹೋಗದೆ ಕುಳಿತ ನಷ್ಟ, ಎಲ್ಲ ಸಂಘದ ಉಳಿತಾಯದಿಂದ. ಹೊಡೆದವನು ಅವನು, ಬಡ್ಡಿ ಕಟ್ಟುವವಳು ಅವಳು. ಅದೂ ಆ ಏಟು ಬಿದ್ದದ್ದು ಯಾಕೆ? ಸಂಘದಿಂದ ಸಾಲ ತಂದುಕೊಡು ಎಂದಾಗ ಇಲ್ಲ ಎಂದದ್ದಕ್ಕೆ! ವರದಕ್ಷಿಣೆ ಕೇಳುವ ಬಾಯಿ ಮದುವೆಯ ದಿನಕ್ಕೆ ಮುಚ್ಚುವುದಿಲ್ಲ. ತವರಿನ ಗಂಟು ಕರಗಿದ ಮೇಲೆ ಅದು ಸಂಘದ ಪೆಟ್ಟಿಗೆಯ ಕಡೆ ತಿರುಗಿದೆ. ಅದೇ ಕಾಯಿದೆಯ 20ನೇ ಕಲಮಿನಲ್ಲಿ ಚಿಕಿತ್ಸೆಯ ಖರ್ಚನ್ನೂ, ಹೋದ ಸಂಪಾದನೆಯನ್ನೂ ಹೊಡೆದವನಿಂದ ಕೊಡಿಸಲು ಮ್ಯಾಜಿಸ್ಟ್ರೇಟರಿಗೆ ಅಧಿಕಾರವಿದೆ. ಕೇಳಬೇಕಾದರೆ ರಸೀದಿಗಳು ಬೇಕು. ಸಾಲ ಕೊಡುವ ದಿನ ಉದ್ದೇಶದ ಕಾಲಮಿನಲ್ಲಿ 'ಆರೋಗ್ಯ' ಎಂದು ಬರೆದು ಮುಗಿಸಬೇಡಿ. 'ಗಂಡನ ಏಟಿನಿಂದ ಎಡಗಿವಿ ತಮಟೆ ಹರಿದದ್ದರ ಚಿಕಿತ್ಸೆಗೆ' ಎಂದು ಅವಳ ಒಪ್ಪಿಗೆ ಕೇಳಿ ಬರೆಯಿರಿ, ತಾರೀಖು ಹಾಕಿ, ಪ್ರತಿನಿಧಿಗಳಿಬ್ಬರೂ ಸಹಿ ಮಾಡಿ. ನಮ್ಮ ಪುಸ್ತಕವೂ ಒಂದು ದಾಖಲೆ.

"ಕೇಳಿಸುವುದಿಲ್ಲ ಎಂದು ನಟಿಸುತ್ತಾಳೆ" ಎಂದು ಹೇಳುವವರಿಗೂ ಉತ್ತರವಿದೆ. ಆಡಿಯೋಗ್ರಾಂ ಪರೀಕ್ಷೆಯಲ್ಲಿ ಹೆಂಗಸು ಸದ್ದು ಕೇಳಿದಾಗ ಕೈ ಎತ್ತಬೇಕು, ಅದರ ಮೇಲೆ ಅನುಮಾನ ಪಡುತ್ತಾರೆ. ಬೇರಾ ಎಂಬ ಇನ್ನೊಂದು ಪರೀಕ್ಷೆಯಲ್ಲಿ ಅವಳು ಕಣ್ಣು ಮುಚ್ಚಿ ಮಲಗಿದ್ದರೆ ಸಾಕು, ತಲೆಗೆ ಅಂಟಿಸಿದ ತಂತಿಗಳು ಸದ್ದಿಗೆ ನರ ಹೇಗೆ ಓಗೊಟ್ಟಿತೆಂದು ಬರೆದುಕೊಳ್ಳುತ್ತವೆ, ನಟನೆಗೆ ಎಡೆಯಿಲ್ಲ. ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಂಥ ಕಡೆ ಈ ಪರೀಕ್ಷೆಗಳು ಆಗುತ್ತವೆ.

ಆಡಿಯೋಗ್ರಾಂ ಒಂದು ಸಲ ಮಾಡಿಸಿದರೆ ಸಾಲದು. ಏಟು ಬಿದ್ದ ವಾರದಲ್ಲಿ ಒಂದು, ಮೂರು ತಿಂಗಳ ಮೇಲೆ ಇನ್ನೊಂದು. 'ಶಾಶ್ವತ' ಹೌದೋ ಅಲ್ಲವೋ ಎಂಬುದು ಈ ಎರಡು ಕಾಗದಗಳನ್ನು ಪಕ್ಕಪಕ್ಕ ಇಟ್ಟಾಗಲೇ ತಿಳಿಯುವುದು. ಮೊದಲನೆಯದು ಇಲ್ಲದಿದ್ದರೆ ಎರಡನೆಯದಕ್ಕೆ ಬೆಲೆ ಕಡಿಮೆ. ಎರಡನೆಯದಕ್ಕೆ ಹೋಗುವಷ್ಟರಲ್ಲಿ ರಾಜಿಯಾಗಿ, ಅವಳು ಗಂಡನ ಮನೆ ಸೇರಿ, ಎಲ್ಲರೂ ಮರೆತಿರುತ್ತಾರೆ. ಆದ್ದರಿಂದ ಮೊದಲ ಪರೀಕ್ಷೆಯ ಕಾಗದದ ಜೆರಾಕ್ಸ್ ಒಂದನ್ನು ಸಂಘದ ಪೆಟ್ಟಿಗೆಯಲ್ಲಿ ಇಡಿ, ಎರಡನೆಯ ಪರೀಕ್ಷೆಯ ತಾರೀಖನ್ನು ಅವಳ ಸಾಲದ ಕಂತಿನ ತಾರೀಖಿನ ಪಕ್ಕದಲ್ಲೇ ಬರೆದಿಡಿ, ಆ ವಾರದ ಸಭೆಯಲ್ಲಿ ಹೆಸರು ಕೂಗಿ ಕೇಳಿ.